ಅವರೆಕಾಳಲ್ಲಿ ಅಮ್ಮ ಎಲ್ಲಿ, ಮಗು ಎಲ್ಲಿ?

(ಜನವರಿಯ ಒಂದು ಭಾನುವಾರ ನಮ್ಮೂರ ಗ್ರಂಥಾಲಯದಲ್ಲಿ ಆಡಿದ ಮಾತು ಇದು. ಯಾರೋ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಅದನ್ನು ಕೇಳಿಕೊಂಡು ಬರೆದಿದ್ದೇನೆ. ಕೆಮ್ಮು, ಮೈಕಿನ ಗೊರಗೊರ ಬಿಟ್ಟಿದ್ದೇನೆ. ಮಾತು ದಾರಿ ತಪ್ಪಿದ ಕಡೆ ಹಾಗೇ ಇರಲಿ ಅಂತ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲಲ್ಲೇ ಒಬ್ಬರು ಅಜ್ಜಿ ನನ್ನನ್ನು ಹಿಡಿದು ನಿಲ್ಲಿಸಿದರು. "ನೋಡವ್ವ, ನಮ್ಮನೆ ಕುಂಬಳದ ಬಳ್ಳೀಲಿ ರಾಶಿ ಹೂವು. ಒಂದೂ ಕಾಯಿ ಕಚ್ಚಲ್ಲ. ಯಾರ ಕಣ್ಣು ಬಿತ್ತೋ ಏನೋ" ಅಂದರು. "ಕೊನೆಗೆ ಹೇಳ್ತೀನಿ ಅಜ್ಜಿ, ಅಲ್ಲೀತನಕ ಕೂತಿರಿ" ಅಂದೆ. ಮುಂದಿನ ಸಾಲಲ್ಲೇ ಕೂತಿದ್ದಾರೆ. ನಾನಿನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಕರೆಯೋಲೆಯಲ್ಲಿ ವಿಷಯ 'ಬೀಜ ಬಿಡುವ ಸಸ್ಯಗಳ ರಚನೆ ಮತ್ತು ಸಂತಾನೋತ್ಪತ್ತಿ' ಅಂತ ಇದೆ. ಓದಿದ ಕೂಡಲೇ ಹತ್ತು ಮಾರ್ಕಿನ ಪ್ರಶ್ನೆ ನೆನಪಾಗುತ್ತದೆ, ಅಲ್ವಾ? ನಾನೂ ವರ್ಷಗಟ್ಟಲೆ ಹಾಗೇ ಪಾಠ ಮಾಡಿದವಳು. ಬೋರ್ಡ್ ಮೇಲೆ ದಾಸವಾಳ ಬರೆದು, ಪುಷ್ಪದಳ, ಕೇಸರ, ಶಲಾಕೆ, ಅಂಡಾಶಯ ಅಂತ ಬಾಣ ಎಳೆದು, ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ. ಅವರು ಬರೆದರು, ಪಾಸಾದರು, ಮರೆತರು. ಇವತ್ತು ಬೋರ್ಡ್ ಬೇಡ. ಒಂದು ಚೀಲ ತಂದಿದ್ದೇನೆ. ಅದರಿಂದ ಏನು ತೆಗೆದರೂ ಒಂದೇ ಪ್ರಶ್ನೆ ಕೇಳೋಣ: ಇದು ಅಮ್ಮನದೋ, ಮಗುವಿನದೋ?

ಮೊದಲು ಅವರೆಕಾಯಿ. ಸೊಗಡಿನದು. ಚೀಲ ಬಿಚ್ಚಿದ ಕೂಡಲೇ ಹಿಂದಿನ ಸಾಲಿನವರೂ ತಿರುಗಿ ನೋಡಿದರು. ಕಾಯಿ ಬಿಡಿಸಿ ರಾತ್ರಿಯೇ ಒಂದಷ್ಟು ಕಾಳು ನೆನೆಹಾಕಿದ್ದೆ. ಎಲ್ಲರೂ ಎರಡೆರಡು ತಗೊಳ್ಳಿ. ಕಾಳಿನ ಅಂಚಿನಲ್ಲಿ ಬಿಳಿ ಗೆರೆ ಇದೆ, ನೋಡಿ. ಕಾಳು ಹೊರಗಿನ ಕಾಯಿಗೆ ಅಂಟಿಕೊಂಡಿದ್ದ ಜಾಗ ಅದು. ಅಮ್ಮ ಊಟ ಕೊಡುತ್ತಿದ್ದದ್ದು ಅಲ್ಲಿಂದಲೇ. ನಮ್ಮ ಹೊಕ್ಕುಳಿನ ಹಾಗೆ ಅಂದರೆ ಜಾಸ್ತಿ ತಪ್ಪಿಲ್ಲ.

ಈಗ ಕಾಳನ್ನು ಒರೆಸಿ, ಬೆರಳಲ್ಲಿ ಮೆಲ್ಲಗೆ ಅದುಮಿ. ಹಿತುಕಬೇಡಿ, ಬರೀ ಅದುಮಿ. ಬಿಳಿ ಗೆರೆಯ ಒಂದು ತುದಿಯಲ್ಲಿ ಸೂಜಿ ಮೊನೆಯಷ್ಟು ನೀರು ಒಸರುತ್ತದೆ. ಬಂತಾ? ಅಲ್ಲೊಂದು ತೂತಿದೆ. ಈ ಕಾಳು ಇನ್ನೂ ಕಾಳಾಗದೆ ಹೂವಿನೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಅಂಡಕವಾಗಿದ್ದಾಗ, ಪರಾಗದ ಕಣ ಬಿಟ್ಟ ಎಳೆಯಂಥ ನಳಿಕೆ ಒಳಗೆ ಬಂದದ್ದು ಈ ತೂತಿನಿಂದ. ಅಪ್ಪ ಬಂದ ಬಾಗಿಲು ಅನ್ನಿ. ಬಿತ್ತಿದ ಮೇಲೆ ಬೇರು ಹೊರಗೆ ಇಣುಕುವುದೂ ಇದರ ಪಕ್ಕದಲ್ಲೇ.

ಇನ್ನು ಹಿತುಕಿ. ಇದನ್ನು ನಾನು ಹೇಳಿಕೊಡಬೇಕಾಗಿಲ್ಲ, ಇಲ್ಲಿರುವ ಹೆಂಗಸರಿಗೆಲ್ಲ ಗೊತ್ತು. ಪುಳಕ್ ಅಂತ ಬೇಳೆ ಹಾರಿತು, ಸಿಪ್ಪೆ ಕೈಯಲ್ಲಿ ಉಳಿಯಿತು. ಹಿತುಕಿದಬೇಳೆ ಸಾರಿಗೆ ಕೂತವರು ಮಾಡುವುದು ನಿಜವಾಗಿ ಇದೇ ಕೆಲಸ: ಅಮ್ಮನನ್ನು ಒಂದು ಕಡೆ, ಮಗುವನ್ನು ಒಂದು ಕಡೆ ಹಾಕುವುದು. ಆ ಸಿಪ್ಪೆ ಪೂರ್ತಿ ಅಮ್ಮನದು, ಅದರಲ್ಲಿ ಅಪ್ಪನ ಪಾಲು ಒಂದು ಚೂರೂ ಇಲ್ಲ. ಹೊರಗಿನ ಕಾಯಿಯೂ ಅಮ್ಮನದೇ. ಹಾರಿ ಬಿದ್ದದ್ದು ಮಗು.

ಎರಡು ಬೇಳೆಯನ್ನು ಉಗುರಿನಲ್ಲಿ ಬಿಡಿಸಿ. ನಡುವೆ ಒಂದು ಪುಟ್ಟ ಕೊಕ್ಕು ಕಾಣುತ್ತದೆ. ಅದು ಬೇರಿನ ತುದಿ. ಅದರ ಇನ್ನೊಂದು ಕೊನೆಯಲ್ಲಿ ಮಡಚಿಟ್ಟ ಎರಡು ಎಲೆ, ಕನ್ನಡಕ ಇದ್ದವರು ಹಾಕಿಕೊಂಡು ನೋಡಿ. ಆ ದಪ್ಪ ಬೇಳೆಗಳೂ ಎಲೆಗಳೇ, ಊಟ ತುಂಬಿಕೊಂಡು ಉಬ್ಬಿದ ಎಲೆಗಳು. ಬೀಜದಳ ಅನ್ನುವುದು ಇವನ್ನೇ. ಕಲಬುರಗಿಯ ತೊಗರಿ ಮಿಲ್ಲಿನಲ್ಲಿ ಕಾಳು ಒಡೆದು ಬೇಳೆ ಮಾಡುವಾಗ ಈ ಕೊಕ್ಕು ಮುರಿದು ನುಚ್ಚಿನ ಜೊತೆ ದನದ ಬಾಯಿಗೆ ಹೋಗುತ್ತದೆ. ಅದಕ್ಕೇ ತೊಗರಿ ಬಿತ್ತಿದರೆ ಹುಟ್ಟುತ್ತದೆ, ತೊಗರಿಬೇಳೆ ಬಿತ್ತಿದರೆ ಹುಟ್ಟಲ್ಲ.

ಅಮ್ಮ, ಮಗು ಅಂತ ಬೇರೆ ಮಾಡಿ ನೋಡುವುದು ಬರೀ ಆಟ ಅಂದುಕೊಳ್ಳಬೇಡಿ. ಮೆಂಡೆಲ್ ಗೊತ್ತಲ್ಲ, ಬಟಾಣಿ ಬೆಳೆದ ಪಾದ್ರಿ. 1866ರಲ್ಲಿ ಅಚ್ಚಾದ ಅವನ ಲೆಕ್ಕದಲ್ಲಿ, ಗುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಹುಟ್ಟಿದ 253 ಗಿಡಗಳಿಂದ 7324 ಕಾಳು ಬಂದಿವೆ. ಅದರಲ್ಲಿ 5474 ಗುಂಡಗಿದ್ದವು, 1850 ಸುಕ್ಕು. ಕಾಳು ಗುಂಡಗಿದೆಯೋ ಸುಕ್ಕಾಗಿದೆಯೋ ಎಂಬುದು ಒಳಗಿನ ಬೇಳೆಯ ಗುಣ. ಬೇಳೆ ಅಂದರೆ ಮುಂದಿನ ತಲೆಮಾರು. ಹಾಗಾಗಿ ಅವನು ಕಾಯಿ ಬಿಡಿಸಿ ಅಲ್ಲೇ ಕೂತು ಮೊಮ್ಮಕ್ಕಳನ್ನು ಎಣಿಸಿಬಿಟ್ಟ, ಬಿತ್ತುವ ಗೊಡವೆಯೇ ಇಲ್ಲ. ಆದರೆ ಸಿಪ್ಪೆಯ ಬಣ್ಣ ನೋಡಬೇಕಾದಾಗ? ಸಿಪ್ಪೆ ಅಮ್ಮನದು. ಮಗುವಿನ ಸಿಪ್ಪೆ ಯಾವ ಬಣ್ಣ ಅಂತ ಗೊತ್ತಾಗಲು ಆ ಕಾಳು ಬಿತ್ತಿ, ಗಿಡ ಬೆಳೆಸಿ, ಅದು ಕಾಯಿ ಬಿಡುವ ತನಕ ಇನ್ನೊಂದು ವರ್ಷ ಕಾಯಬೇಕು. ಮೂವತ್ತು ವರ್ಷ ಮೆಂಡೆಲ್ ಪಾಠ ಮಾಡಿದ ನನಗೇ ಇದು ಹೊಳೆದದ್ದು ತಡವಾಗಿ, ಅದೂ ಅಡುಗೆಮನೆಯಲ್ಲಿ, ಹಿತುಕಿದಬೇಳೆ ಮಾಡುವಾಗ.

ಈಗ ಅಕ್ಕಿ. ಭತ್ತದ ಹೊಟ್ಟು ಹೂವಿನ ಹೊದಿಕೆ, ಅಮ್ಮನದು. ತೌಡಿನಲ್ಲಿ ಅಮ್ಮನ ಸಿಪ್ಪೆಯೂ ಇದೆ, ಮೂಲೆಯಲ್ಲಿ ಕೂತಿದ್ದ ಮಗುವೂ ಇದೆ. ಪಾಲಿಶ್ ಮಾಡುವಾಗ ಮಗು ತೌಡಿನ ಜೊತೆ ಹೋಯಿತು. ಅಕ್ಕಿಕಾಳಿನ ಒಂದು ತುದಿ ಚಿಟಿಕೆ ಮುರಿದ ಹಾಗಿರುತ್ತದೆ, ನೋಡಿದ್ದೀರಲ್ಲ? ಮಗು ಇದ್ದ ಜಾಗ ಅದು. ಹಾಗಾದರೆ ಉಳಿದ ಬಿಳೀ ಅಕ್ಕಿ ಯಾರದು?

("ಅಮ್ಮನದು" ಅಂತ ಕೆಲವರು, "ಮಗೂದು" ಅಂತ ಕೆಲವರು. ಒಬ್ಬ ಹುಡುಗ "ಅಂಗಡಿಯವನದು" ಅಂದ.)

ಅಂಗಡಿಯವನು ದುಡ್ಡು ತಗೊಂಡ ಮೇಲೆ ಅವನದಲ್ಲ ಬಿಡಪ್ಪ. ಅಮ್ಮನದೂ ಅಲ್ಲ, ಮಗುವಿನದೂ ಅಲ್ಲ. ಮೂರನೆಯವರು ಒಬ್ಬರಿದ್ದಾರೆ. 1898ರಲ್ಲಿ ಕೀವ್ ಊರಿನಲ್ಲಿ ಸೆರ್ಗೆಯ್ ನವಾಶಿನ್ ಎಂಬುವನು ಲಿಲ್ಲಿ ಹೂವಿನ ಅಂಡಕವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ಕಂಡುಹಿಡಿದ. ಪರಾಗದ ನಳಿಕೆ ತರುವುದು ಒಂದು ಗಂಡು ಕಣ ಅಲ್ಲ, ಎರಡು. ಒಂದು ಹೋಗಿ ಮೊಟ್ಟೆಕಣಕ್ಕೆ ಸೇರುತ್ತದೆ, ಅದು ಮಗುವಾಗುತ್ತದೆ. ಇನ್ನೊಂದು ಅಲ್ಲೇ ನಡುವೆ ಇರುವ ಎರಡು ಕೋಶಕೇಂದ್ರಗಳ ಜೊತೆ ಸೇರಿ ಬೇರೊಂದು ಜೀವ ಶುರುಮಾಡುತ್ತದೆ. ಅದರಲ್ಲಿ ಅಮ್ಮನ ಪಾಲು ಎರಡು, ಅಪ್ಪನ ಪಾಲು ಒಂದು. ಅದು ಗಿಡವಾಗುವುದಿಲ್ಲ, ಊಟವಾಗುತ್ತದೆ. ಪುಸ್ತಕದಲ್ಲಿ ಭ್ರೂಣಾಹಾರ ಅಂತಾರೆ, ನಾನು ಬುತ್ತಿ ಅನ್ನುತ್ತೇನೆ. ಮಗುವಿನ ಜೊತೆಗೇ ಹುಟ್ಟಿ, ಮಗುವಿಗಾಗಿ ಕರಗಿಹೋಗುವ ಒಡಹುಟ್ಟು.

ಅವರೆ, ಬಟಾಣಿ, ಕಡಲೆಕಾಯಿಯಲ್ಲಿ ಕಾಳು ಬಲಿಯುವ ಹೊತ್ತಿಗೇ ಮಗು ಆ ಬುತ್ತಿಯನ್ನು ತಿಂದು ತನ್ನ ಬೇಳೆಗೆ ತುಂಬಿಕೊಂಡಿರುತ್ತದೆ. ಅಕ್ಕಿ, ರಾಗಿ, ಗೋಧಿ, ಜೋಳದಲ್ಲಿ ಬುತ್ತಿ ಹಾಗೇ ಉಳಿಯುತ್ತದೆ. ಅನ್ನ, ಮುದ್ದೆ, ರೊಟ್ಟಿ ಎಲ್ಲ ಹೆಚ್ಚುಕಡಿಮೆ ಅದೇ. ಬೆಳಗಿನ ಕಾಫಿಯೂ ಅದೇ! ಕಾಫಿ ಬೀಜದ ಬಹುಪಾಲು ಬುತ್ತಿ. ಹಣ್ಣಿನ ಕೆಂಪು ಸಿಪ್ಪೆ, ಅಂಟು, ತೋಟದವರು ಪಾರ್ಚ್‌ಮೆಂಟ್ ಅನ್ನುವ ಗಟ್ಟಿ ಹೊದಿಕೆ ಎಲ್ಲ ಅಮ್ಮನದು. ಒಂದು ಹಣ್ಣಿನಲ್ಲಿ ಎರಡು ಬೀಜ ಇರಬೇಕು. ಒಂದು ಬೆಳೆಯದೆ ಹೋದರೆ ಇನ್ನೊಂದು ಜಾಗವೆಲ್ಲ ತಾನೇ ಹಿಡಿದು ಗುಂಡಗಾಗುತ್ತದೆ. ಪೀಬೆರಿ ಅಂತ ಜಾಸ್ತಿ ದುಡ್ಡು ಕೊಟ್ಟು ಕೊಳ್ಳುತ್ತೇವಲ್ಲ, ಅದು.

ತೆಂಗಿನಕಾಯಿ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬುತ್ತಿಯನ್ನು ಬರಿಗಣ್ಣಲ್ಲಿ ಇಷ್ಟು ಚೆನ್ನಾಗಿ ತೋರಿಸುವುದು ಇನ್ನೊಂದಿಲ್ಲ. ಎಳನೀರು ಕೊಚ್ಚುವವನು ಕೇಳುತ್ತಾನೆ, "ನೀರು ಬೇಕಾ, ಗಂಜಿ ಬೇಕಾ?" ಎರಡೂ ಒಂದೇ ವಸ್ತು. ಬುತ್ತಿ ಮೊದಲು ನೀರಾಗಿರುತ್ತದೆ. ಅದರಲ್ಲಿ ಗೋಡೆ ಇಲ್ಲದ ಕೋಶಕೇಂದ್ರಗಳು ತೇಲುತ್ತಿರುತ್ತವೆ. ಆಮೇಲೆ ಅವು ಒಂದೊಂದೇ ಕರಟದ ಒಳಗೋಡೆಗೆ ಹೋಗಿ ಕೂತು, ಕೋಶಗಳಾಗಿ, ಗಂಜಿ ಕಟ್ಟುತ್ತವೆ. ಬಲಿತರೆ ಕಾಯಿ, ಒಣಗಿದರೆ ತಿಪಟೂರಿನ ಕೊಬ್ಬರಿ. ಇದರ ಶಕ್ತಿ ಎಷ್ಟು ಅಂದರೆ, 1941ರಲ್ಲಿ ಅಮೆರಿಕದಲ್ಲಿ ವಾನ್ ಓವರ್‌ಬೀಕ್ ಮತ್ತು ಅವರ ಜೊತೆಯವರು ದತ್ತೂರಿಯ ತೀರಾ ಎಳೆ ಭ್ರೂಣಗಳನ್ನು ಹೊರಗೆ ತೆಗೆದು ಬೆಳೆಸಲು ನೋಡಿದರು. ಸಕ್ಕರೆ, ಲವಣ ಏನು ಕೊಟ್ಟರೂ ಏಳದ ಭ್ರೂಣಗಳು ತೆಂಗಿನ ನೀರು ಹಾಕಿದ ಮೇಲೆ ಬೆಳೆದವು. ಯಾವ ಗಿಡದ ಮಗುವೋ, ಯಾವ ಮರದ ಬುತ್ತಿಯೋ!

ನಾರು ಅಮ್ಮನದು, ಕರಟ ಅಮ್ಮನದು, ಕಾಯಿಗೆ ಅಂಟಿರುವ ಕಂದು ಪೊರೆಯೂ ಅಮ್ಮನದೇ. ಚಟ್ನಿ ಬೆಳ್ಳಗಿರಬೇಕು ಅಂತ ಹೆರೆದು ತೆಗೆಯುತ್ತೇವಲ್ಲ, ಅದು ಬೀಜದ ಸಿಪ್ಪೆ. ಮಗು ಎಲ್ಲಿ? ಕರಟದ ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದೆ. ಅದರ ಕೆಳಗೆ, ಕಡಲೆಬೀಜಕ್ಕಿಂತ ಚಿಕ್ಕದಾಗಿ, ಕಾಯಿಯಲ್ಲಿ ಹುದುಗಿದೆ. ಇಷ್ಟು ದೊಡ್ಡ ಮನೆ, ಅಷ್ಟು ಚಿಕ್ಕ ಮಗು. ಹಳೇ ಕಾಯಿ ಒಡೆದಾಗ ಕೆಲವೊಮ್ಮೆ ಒಳಗೆ ಬಿಳೀ ಸ್ಪಂಜಿನಂಥ ಉಂಡೆ ಸಿಗುತ್ತದೆ. "ಹೂವು ಬಂದಿದೆ, ಶುಭ" ಅನ್ನುತ್ತೇವೆ. ಅದು ಹೂವಲ್ಲ. ಮೊಳಕೆ ಒಡೆದ ಮಗು ತನ್ನ ಬೀಜದಳವನ್ನು ಒಳಕ್ಕೆ ಚಾಚಿ ನೀರನ್ನೂ ಕಾಯಿಯನ್ನೂ ಹೀರುತ್ತಿರುತ್ತದೆ. ದೇವರ ಮುಂದೆ ಒಡೆದಾಗ ಮಗು ಊಟಕ್ಕೆ ಕೂತಿತ್ತು, ಅಷ್ಟೇ. ಶುಭ ಅಲ್ಲ ಅಂತ ನಾನೇನೂ ಹೇಳುತ್ತಿಲ್ಲ.

ಅಪ್ಪನ ವಿಷಯಕ್ಕೆ ಬರೋಣ. ಗಿಡಕ್ಕೂ ಗಂಡು ಹೆಣ್ಣು ಇದೆ ಅಂತ ಪ್ರಯೋಗ ಮಾಡಿ ತೋರಿಸಿದ್ದು 1694ರಲ್ಲಿ, ಜರ್ಮನಿಯ ಟ್ಯೂಬಿಂಗನ್ ಊರಿನ ಕಾಮೆರಾರಿಯಸ್. ಅವನು ಹಿಡಿದದ್ದು ನಮಗೆ ಗೊತ್ತಿರುವ ಗಿಡಗಳನ್ನೇ: ಹರಳು ಮತ್ತು ಮೆಕ್ಕೆಜೋಳ. ಹರಳಿನ ಗೊನೆಯಲ್ಲಿ ಕೆಳಗೆ ಗಂಡು ಹೂ, ಮೇಲೆ ಹೆಣ್ಣು. ಗಂಡು ಮೊಗ್ಗುಗಳನ್ನು ಬಿರಿಯುವ ಮುಂಚೆಯೇ ಚಿವುಟಿ ಹಾಕಿದ. ಕಾಯಿ ಟೊಳ್ಳಾಗಿ ಒಣಗಿತು, ಬೀಜ ಇಲ್ಲ. ಮೆಕ್ಕೆಜೋಳದ ತೆನೆಯ ಕೂದಲು ಕತ್ತರಿಸಿದ. ಅಲ್ಲೂ ಕಾಳಿಲ್ಲ.

ಈ ತೆನೆ ನೋಡಿ. ದಾವಣಗೆರೆಯವರು ಮೆಕ್ಕೆಜೋಳ ಅನ್ನಲಿ, ಧಾರವಾಡದವರು ಗೋವಿನಜೋಳ ಅನ್ನಲಿ, ಮೈಸೂರು ಕಡೆ ಮುಸುಕಿನಜೋಳ ಅನ್ನಲಿ, ಕೂದಲನ್ನು ಮಾತ್ರ ಎಲ್ಲರೂ ಕಿತ್ತು ಬಿಸಾಕುತ್ತೇವೆ. ಒಂದೊಂದು ಕೂದಲೂ ಒಂದೊಂದು ಕಾಳಿನದು. ಗಿಡದ ತಲೆ ಮೇಲಿನ ಸೂಲಂಗಿಯಿಂದ ಪರಾಗ ಉದುರಿ ಕೂದಲ ತುದಿಗೆ ಅಂಟುತ್ತದೆ. ಅಲ್ಲಿಂದ ನಳಿಕೆ ಬಿಟ್ಟುಕೊಂಡು, ಒಂದು ಗೇಣಿಗಿಂತ ಉದ್ದದ ಕೂದಲೊಳಗೆ ಸುಮಾರು ಒಂದು ದಿನ ಪ್ರಯಾಣ ಮಾಡಿ ಅಂಡಕ ತಲುಪಬೇಕು. ಬರಿಗಣ್ಣಿಗೆ ಧೂಳಿನಷ್ಟು ಕಾಣುವ ಕಣ! ತೆನೆಯಲ್ಲಿ ಅಲ್ಲಲ್ಲಿ ಹಲ್ಲು ಬಿದ್ದ ಹಾಗೆ ಖಾಲಿ ಇದ್ದರೆ ಆ ಕೂದಲಿಗೆ ಪರಾಗ ಸಿಗಲಿಲ್ಲ ಅಂತ ಲೆಕ್ಕ.

ಬಿಳೀ ಮೆಕ್ಕೆಜೋಳದ ಹೊಲದ ಪಕ್ಕ ಹಳದಿ ಮೆಕ್ಕೆಜೋಳ ಇದ್ದರೆ ಬಿಳೀ ತೆನೆಯಲ್ಲೇ ಹಳದಿ ಕಾಳು ಕೂತಿರುತ್ತವೆ. ಅಪ್ಪನ ಬಣ್ಣ ಅದೇ ವರ್ಷ ಕಂಡುಬಿಡುತ್ತದೆ, ಯಾಕಂದರೆ ನಮಗೆ ಕಾಣುವುದು ಬುತ್ತಿಯ ಬಣ್ಣ, ಅದರಲ್ಲಿ ಅಪ್ಪನ ಪಾಲಿದೆ. ಮಾವಿನಲ್ಲಿ ಹಾಗಾಗುವುದಿಲ್ಲ. ಪಕ್ಕದ ಮರ ಎಷ್ಟೇ ಹುಳಿ ಇರಲಿ, ನಿಮ್ಮ ಬಾದಾಮಿ ಹಣ್ಣಿನ ರುಚಿ ಕೆಡಲ್ಲ. ತಿರುಳು ಪೂರಾ ಅಮ್ಮನದು. ಅಪ್ಪನ ಕಿತಾಪತಿ ಎಲ್ಲ ವಾಟೆಯೊಳಗೆ.

ಇದನ್ನು ನಾನು ಕಲಿತದ್ದು ದಂಡ ತೆತ್ತು. ಚಿಕ್ಕವಳಿದ್ದಾಗ ನಮ್ಮಪ್ಪ ಎಲ್ಲಿಂದಲೋ ಒಂದು ಬುಟ್ಟಿ ಬಾದಾಮಿ ಹಣ್ಣು ತಂದಿದ್ದರು. ಅಂಥ ಹಣ್ಣು ನಾವು ತಿಂದಿರಲಿಲ್ಲ. ಎಲ್ಲಕ್ಕಿಂತ ಸಿಹಿಯಾಗಿದ್ದ ಹಣ್ಣಿನ ವಾಟೆ ಆರಿಸಿ ಹಿತ್ತಲಲ್ಲಿ ಊರಿದೆ. ನೀರು ಹೊತ್ತೆ, ಮುಳ್ಳುಬೇಲಿ ಕಟ್ಟಿದೆ. ಒಂಬತ್ತು ವರ್ಷಕ್ಕೆ ಹಣ್ಣು ಬಿಟ್ಟಿತು. ಬಾಯಿಗಿಟ್ಟರೆ ನಾರು, ಹುಳಿ. ಅಮ್ಮ ಉಪ್ಪಿನಕಾಯಿಗೂ ಬೇಡ ಅಂದಳು. ಅಪ್ಪ ಮಾತ್ರ, ನೆರಳಿಗಾಯ್ತು ಬಿಡು ಅಂದರು. ತಿಂದದ್ದು ಅಮ್ಮನನ್ನು, ನೆಟ್ಟದ್ದು ಮಗುವನ್ನು. ಅದಕ್ಕೇ ಕಸಿ ಕಟ್ಟುವುದು. ಕಸಿಯಲ್ಲಿ ಮಗುವಿನ ತಂಟೆಯೇ ಇಲ್ಲ, ಅಮ್ಮನ ಕೊಂಬೆಯೇ ಬೆಳೆಯುತ್ತದೆ.

ಇದಕ್ಕೊಂದು ಅಪವಾದ ಇದೆ. ಪಶ್ಚಿಮ ಕರಾವಳಿಯ ಬಪ್ಪಕಾಯಿ, ಒಲೂರು ಥರದ ಮಾವುಗಳ ಒಂದು ವಾಟೆ ಊರಿದರೆ ಎರಡು, ಮೂರು, ಇನ್ನೂ ಜಾಸ್ತಿ ಸಸಿ ಏಳುತ್ತವೆ. ಅವುಗಳಲ್ಲಿ ಬಹುಪಾಲು ಅಂಡಕದ ಒಳಗಿನ ಅಮ್ಮನ ಮಾಂಸದಿಂದಲೇ ಹುಟ್ಟಿದವು. ಅಪ್ಪನೇ ಇಲ್ಲ. ಅಮ್ಮನ ತದ್ರೂಪು. ಎಲ್ಲ ಸಸಿಯೂ ಒಂದೇ ಥರ ಬರುತ್ತದೆ ಅಂತ ಕಸಿಗೆ ಬುಡವಾಗಿ ಬಳಸುತ್ತಾರೆ.

ಬೇಗಬೇಗ ಇನ್ನೆರಡು. ಗೇರುಹಣ್ಣಿನ ಬೀಜ ಯಾಕೆ ಹೊರಗಿದೆ ಅಂತ ಮಕ್ಕಳು ಕೇಳುತ್ತಾರೆ. ಬೀಜ ಹೊರಗಿಲ್ಲ, ನಾವು ಹಣ್ಣು ಅನ್ನುವುದು ಹಣ್ಣೇ ಅಲ್ಲ. ಅದು ಉಬ್ಬಿದ ತೊಟ್ಟು. ಕೆಳಗೆ ನೇತಾಡುವ, ಸೊನೆ ತುಂಬಿದ ಗಟ್ಟಿ ಸಿಪ್ಪೆಯದೇ ನಿಜವಾದ ಹಣ್ಣು, ಗೋಡಂಬಿ ಅದರೊಳಗಿನ ಮಗು. ಇನ್ನು ಬಾಳೆಹಣ್ಣು: ಪೂರ್ತಿ ಅಮ್ಮ. ನಡುವೆ ಕಾಣುವ ಕಪ್ಪು ಚುಕ್ಕೆಗಳು ಬೆಳೆಯದೆ ಉಳಿದ ಅಂಡಕಗಳು.

ಇಷ್ಟೂ ಹೊತ್ತು ಹೇಳಿದ್ದು ಹೂ ಬಿಡುವ ಗಿಡಗಳದ್ದು. ಇವು ಲೋಕದಲ್ಲಿ ಮೂರು ಲಕ್ಷದಷ್ಟು ಬಗೆ. ಹೂವೇ ಇಲ್ಲದೆ ಬೀಜ ಬಿಡುವವು ಸಾವಿರದಷ್ಟು ಮಾತ್ರ: ಪೈನ್, ಗಿಂಕೊ, ಸೈಕಸ್. ಇವಕ್ಕೆ ಕಾಯಿ ಇಲ್ಲ, ಬೀಜ ಬತ್ತಲೆ. ಪಾರ್ಕಿನಲ್ಲಿ ಸಣ್ಣ ತಾಳೆಯ ಹಾಗೆ ಗರಿ ಬಿಟ್ಟುಕೊಂಡು ಕೂತಿರುತ್ತದಲ್ಲ, ಅದು ಸೈಕಸ್. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಇವುಗಳ ಬುತ್ತಿಯ ಕಥೆಯೇ ಬೇರೆ. ಗಂಡು ಕಣ ಸೇರುವ ಮುಂಚೆಯೇ ಅಮ್ಮನ ಕಡೆಯಿಂದ ಬುತ್ತಿ ತಯಾರಾಗಿರುತ್ತದೆ. ಡ್ರೈಫ್ರೂಟ್ ಅಂಗಡಿಯ ಚಿಲ್‌ಗೋಜಾ ತಿಂದವರು ತಿಂದದ್ದು ಅದನ್ನೇ. ಮಗು ಬರದೇ ಹೋದರೆ ಅಷ್ಟೂ ಅಡುಗೆ ದಂಡ. ಹೂ ಬಿಡುವ ಗಿಡಗಳು ಜಾಣ ಗೃಹಿಣಿಯರು, ನೆಂಟರು ಬಂದ ಮೇಲೇ ಒಲೆ ಹಚ್ಚುವವರು. ಇವು ಲೋಕ ತುಂಬಿಕೊಳ್ಳಲು ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ನನಗೆ ಮೆಚ್ಚಿಗೆಯಾದ ಲೆಕ್ಕಾಚಾರ ಇದು.

ಸೈಕಸ್ ಮತ್ತು ಗಿಂಕೊದಲ್ಲಿ ಇನ್ನೊಂದು ಹಳೇ ಅಭ್ಯಾಸ ಉಳಿದಿದೆ. ಗಂಡು ಕಣ ಕೊನೆಯ ಚೂರು ದೂರ ಈಜಿಕೊಂಡು ಹೋಗುತ್ತದೆ, ಜರೀಗಿಡಗಳಲ್ಲಿ ಈಜುವ ಹಾಗೆ. ಮೈಮೇಲೆ ಸುರುಳಿಯಾಗಿ ಕೂದಲಿನಂಥ ಎಳೆಗಳು. 1896ರಲ್ಲಿ ಟೋಕಿಯೋದಲ್ಲಿ ಸಾಕುಗೊರೊ ಹಿರಾಸೆ ಇದನ್ನು ಗಿಂಕೊದಲ್ಲಿ ಕಂಡ. ಅದೇ ವರ್ಷ ಸೇಯಿಚಿರೊ ಇಕೆನೊ ಸೈಕಸ್‌ನಲ್ಲಿ ಕಂಡ. ಹಿರಾಸೆ ಅಲ್ಲಿ ಗಿಡಗಳ ಚಿತ್ರ ಬರೆಯಲು ಸೇರಿದ್ದವನು. ಚಿತ್ರ ಬರೆಯುವವರು ನಮಗಿಂತ ಜಾಸ್ತಿ ಹೊತ್ತು ನೋಡುತ್ತಾರೆ.

ಅಜ್ಜಿ ಎರಡು ಸಲ ಗಡಿಯಾರ ನೋಡಿದರು. ಬಂದೆ, ಅಜ್ಜಿ.

ನಿಮ್ಮ ಬಳ್ಳಿಯ ಹೂವುಗಳ ಹಿಂಭಾಗ ನೋಡಿ. ಬರೀ ಸಣ್ಣ ತೊಟ್ಟಿದ್ದರೆ ಅದು ಗಂಡು. ಹಿಂದೆ ಗೋಲಿಯಷ್ಟು ಪುಟ್ಟ ಕುಂಬಳಕಾಯಿ ಇದ್ದರೆ ಹೆಣ್ಣು. ಮೊದಮೊದಲು ಬರೀ ಗಂಡೇ ಬಿಡುತ್ತದೆ, ಅದು ಉದುರಿದರೆ ಚಿಂತೆ ಇಲ್ಲ. ಹೆಣ್ಣು ಹೂವಿನ ಹಿಂದಿನ ಪುಟ್ಟ ಕಾಯಿಯೂ ಹಳದಿಯಾಗಿ ಉದುರುತ್ತಿದ್ದರೆ ಜೇನು ಬರುತ್ತಿಲ್ಲ ಅಂತ ಅರ್ಥ. ಕಾಯಿ ಅಮ್ಮನದೇ ಆದರೂ ಒಳಗೆ ಬೀಜ ಕಟ್ಟಿದರೆ ತಾನೇ ಅದು ಊದುವುದು? ಎಳೆ ಬೀಜಗಳು ಊದು ಅಂತ ಹೇಳಿ ಕಳಿಸಬೇಕು, ಆಗ ಅಮ್ಮ ಊದುತ್ತಾಳೆ. ಒಂದು ಕಡೆ ಮಾತ್ರ ಬೀಜ ಕಟ್ಟಿದರೆ ಸೌತೆಕಾಯಿ ಸೊಟ್ಟಗಾಗುತ್ತದೆ, ನೋಡಿದ್ದೀರಲ್ಲ.

ಜೇನು ಬರದಿದ್ದರೆ ನೀವೇ ಜೇನಾಗಿ. ಒಂದು ಗಂಡು ಹೂ ಕಿತ್ತು, ದಳ ಬಿಡಿಸಿ, ನಡುವಿನ ಹಳದಿ ಪುಡಿಯ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಅಷ್ಟೇ ಕೆಲಸ. ಆದರೆ ಬೆಳಕು ಹರಿಯುತ್ತಲೇ ಮಾಡಬೇಕು. ಬಿಸಿಲೇರಿದರೆ ಹೂ ಮುದುಡಿಕೊಳ್ಳುತ್ತದೆ.

"ಅಷ್ಟೊತ್ತಿಗೆ ನಾನು ಎದ್ದಿರ್ತೀನಿ, ಅದೇನೂ ತೊಂದ್ರೆ ಇಲ್ಲ" ಅಂದರು ಅಜ್ಜಿ. "ಆದ್ರೆ ಗಂಡು ಹೂವನ್ನೆಲ್ಲ ನನ್ನ ಸೊಸೆ ದಿನಾ ಕಿತ್ತು ಬೋಂಡ ಮಾಡ್ತಾಳೆ."